ಸಿಗಡಿ ಒಣಗುವ ಬೀದಿಯ ಹೋಮ್‌ಸ್ಟೇ

ಸಮುದ್ರದ ದಂಡೆಯ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಅವನ ಹೆಸರು ಹೇಳೋದಿಲ್ಲ. ಹೇಳಿದರೆ ನೀವು "ಓ, ಅವನಾ" ಅಂತ ಅವನ ಕಡೆ ನೋಡ್ತೀರಿ, ನಿಮ್ಮ ಕಡೆ ನೋಡಿಕೊಳ್ಳೋದಿಲ್ಲ.

ಈ ಸಾಹುಕಾರ ಮೀನುಗಾರರ ಬೀದಿಯಲ್ಲಿ ಒಂದು ಮನೆ ಕೊಂಡ. ಸುಣ್ಣ ಬಣ್ಣ ಮಾಡಿಸಿದ, ಜಗಲಿಗೆ ಉಯ್ಯಾಲೆ ಹಾಕಿಸಿದ, ಹೋಮ್‌ಸ್ಟೇ ಅಂತ ಬೋರ್ಡು ಬರೆಸಿದ. ಪ್ರವಾಸಿಗಳು ಬಂದು ಎರಡು ದಿನ ಇದ್ದು ಹೋಗಲಿ ಅಂತ. ತಪ್ಪೇನಿಲ್ಲ. ಆದರೆ ಮನೆಯ ಮುಂದಿನ ಮರಳಿನಲ್ಲಿ ಆ ಬೀದಿಯ ಹೆಂಗಸರು ಚಾಪೆ ಹಾಸಿ ಸಿಗಡಿ ಒಣಗಿಸುತ್ತಿದ್ದರು. ವಾಸನೆ! ಸಾಹುಕಾರ ಪಂಚಾಯಿತಿಗೆ ದೂರು ಕೊಟ್ಟ. ಹೆಂಗಸರು ಚಾಪೆ ಸುತ್ತಿಕೊಂಡು ಬಂಡೆಗಳ ಆಚೆ ಹೋದರು. ಅಲ್ಲಿ ಅಲೆ ಸಿಡಿಯುತ್ತದೆ. ಸಿಡಿದ ನೀರಲ್ಲಿ ಸಿಗಡಿ ಒಣಗುತ್ತದೆಯೇ? ಕೊಳೆಯುತ್ತದೆ.

ಈಗ ನೋಡಿ ತಮಾಷೆ. ಮರುವರ್ಷ ಅದೇ ಪಂಚಾಯಿತಿ ಹೊಸ ನಿಯಮ ತಂದಿತು. ಲೈಸೆನ್ಸ್ ಇಲ್ಲದೆ ಯಾರೂ ಅತಿಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಬೇಕಾದರೆ ಮಾಲೀಕ ಅದೇ ಮನೆಯಲ್ಲಿ ವಾಸ ಇರಬೇಕು. ಪಕ್ಕದ ಮನೆಯವರು ಸಭೆಗೆ ಬಂದು, ನಮ್ಮ ತಕರಾರಿಲ್ಲ ಅನ್ನಬೇಕು. ಸಾಹುಕಾರನಿಗೆ ಅನ್ನ ಇಳಿಯಲಿಲ್ಲ. ಪಕ್ಕದ ಮನೆ ಯಾರದು? ಮೊದಲು ಚಾಪೆ ಸುತ್ತಿದ ಹೆಂಗಸಿನದು.

ಸಿಹಿಯ ಪೊಟ್ಟಣ ಹಿಡಿದು ಹೋದ. ಆಕೆ ಬಲೆಯ ಎಳೆ ಬಿಡಿಸುತ್ತಾ ಕೂತಿದ್ದಳು.

"ಸಿಹಿ ಬ್ಯಾಡ ಒಡೆಯಾ. ನಂಗೆ ಸಕ್ಕರೆ ಕಾಯಿಲೆ."

"ಅಲ್ಲಮ್ಮಾ, ಸಭೆಯಲ್ಲಿ ಒಂದು ಮಾತು..."

"ನಮ್ಮ ಜಾಗ ನಮಗೆ ಕೊಡಿ. ಬರೋರಿಗೆ ಮೊದಲೇ ಹೇಳಿ, ಇಲ್ಲಿ ಸಿಗಡಿ ಒಣಗ್ತದೆ ಅಂತ."

"ಹಾಗೆ ಹೇಳಿದ್ರೆ ಯಾರು ಬರ್ತಾರೆ?"

"ಮೂಗು ಮಾತ್ರ ಇರೋರು ಬರೂದಿಲ್ಲ. ನಾಲಿಗೆ ಇರೋರು ಬರ್ತಾರೆ."

ಸಾಹುಕಾರನಿಗೆ ಸಿಟ್ಟು ಬಂತು. ಪೊಟ್ಟಣ ವಾಪಸು ತಂದ. ಆದರೆ ನಿಯಮ ಇದೆಯಲ್ಲ, ಮಾಲೀಕ ಅಲ್ಲೇ ವಾಸ ಇರಬೇಕು! ಅಲ್ಲೇ ಉಳಿದ. ಉಯ್ಯಾಲೆಯಲ್ಲಿ ಕೂತರೆ ಏನು ಕಾಣುತ್ತದೆ? ಹೆಂಗಸರು ಒದ್ದೆ ಬುಟ್ಟಿ ಹೊತ್ತು ಬಂಡೆ ಹತ್ತುವುದು. ಇಳಿಯುವಾಗ ಕೊಳೆತ ಅರ್ಧ ಸಿಗಡಿಯನ್ನು ಸಮುದ್ರಕ್ಕೆ ಚೆಲ್ಲುವುದು. ಮನೆಯನ್ನು ಕೊಂಡು, ಬಣ್ಣ ಬಳಿದು, ದೂರು ಕೊಟ್ಟಿದ್ದ ಮನುಷ್ಯ ಇದನ್ನು ಒಂದು ದಿನವೂ ಕೂತು ನೋಡಿರಲಿಲ್ಲ. ಉಯ್ಯಾಲೆ ಮುಳ್ಳಿನ ಹಾಗೆ ಚುಚ್ಚತೊಡಗಿತು.

ಸಭೆಯ ದಿನ ಬಂತು. ಇತ್ತ ಸಾಹುಕಾರ, ಅತ್ತ ಇಡೀ ಬೀದಿ. ಅಧ್ಯಕ್ಷೆ ಕಡತ ಬಿಚ್ಚುವ ಮೊದಲೇ ಅವನು ಎದ್ದು ನಿಂತ.

"ನಾನು ಕೊಟ್ಟ ದೂರು ತಪ್ಪು. ಇವರ ಜಾಗ ಇವರಿಗೆ ಕೊಡಿ. ನನ್ನ ಲೈಸೆನ್ಸಿನ ಮಾತು ಆಮೇಲೆ ಆಡೋಣ."

ಲೈಸೆನ್ಸ್ ಸಿಗದಿದ್ದರೆ ಬಾಗಿಲಿಗೆ ಬೀಗ. ಅದು ಗೊತ್ತಿದ್ದೇ ಹೇಳಿದ. ಆಕೆಯನ್ನು ಕೇಳಿ, ಒಪ್ಪಂದ ಮಾಡಿಕೊಂಡು ಹೇಳಿದ್ದಲ್ಲ.

ಅಧ್ಯಕ್ಷೆ ಆ ಹೆಂಗಸನ್ನು ಕೇಳಿದರು: "ನಿನ್ನ ತಕರಾರು ಏನಾದ್ರೂ ಇದೆಯೇನಮ್ಮಾ?"

"ಉಂಟು" ಅಂದಳು.

ಸಾಹುಕಾರ ತಲೆ ತಗ್ಗಿಸಿದ.

"ಒಡೆಯರ ಮನೆ ಅಡುಗೆಯವ ಸಿಗಡಿ ಚಟ್ನಿಗೆ ಹುಳಿ ಹಾಕೂದಿಲ್ಲ. ಗಾಳಿಗೆ ವಾಸನೆ ಬಂದ್ರೇ ಗೊತ್ತಾಗ್ತದೆ. ನಾನು ಕಲಿಸ್ತೇನೆ. ಲೈಸೆನ್ಸ್ ಕೊಡಿ."

ಸಭೆಯೇ ನಕ್ಕುಬಿಟ್ಟಿತು. ಲೈಸೆನ್ಸ್ ಆಯಿತು, ಹೆಂಗಸರ ಜಾಗವೂ ವಾಪಸು ಸಿಕ್ಕಿತು. ಆ ಸಂಜೆ ಹೆಂಗಸರು ಚಾಪೆ ಹೊತ್ತು ಸಾಲಾಗಿ ಬೀದಿಗೆ ಬಂದದ್ದನ್ನು ನೀವು ನೋಡಬೇಕಿತ್ತು, ದಂಡು ಗೆದ್ದು ಬಂದ ಹಾಗೆ! ಚಾಪೆಯ ಒಂದು ತುದಿ ಹಿಡಿದು ಹಾಸಿದವನು ಯಾರು? ಅದೇ ಸಾಹುಕಾರ. ಹಾಸಿ ಮುಗಿಸಿ ಹೊಸ ಬೋರ್ಡು ಹೊಡೆಸಿದ: 'ಮನೆಯ ಮುಂದೆ ಸಿಗಡಿ ಒಣಗುತ್ತದೆ. ಬೆಳಗ್ಗೆ ವಾಸನೆ ಬರುತ್ತದೆ. ಮಧ್ಯಾಹ್ನ ಎಲೆಗೆ ಬರುತ್ತದೆ.' ಆ ಸಲ ಒಂದು ಕೋಣೆಯೂ ಖಾಲಿ ಇರಲಿಲ್ಲ. ಹೋಗುವವರು ಒಣ ಸಿಗಡಿ ಕಟ್ಟಿಸಿಕೊಂಡೇ ಹೋದರು.

ನಗ್ತಾ ಇದ್ದೀರಿ. ನಗಿ. ನಮಗೆ ಹೋಮ್‌ಸ್ಟೇ ಎಲ್ಲಿದೆ ಸ್ವಾಮಿ, ಅಂತಲೂ ಅಂದುಕೊಳ್ತಾ ಇದ್ದೀರಿ. ಪಕ್ಕದ ಮನೆ ಇದೆಯೋ ಇಲ್ಲವೋ? ನಿಮ್ಮ ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳುತ್ತದೆ? ನಿಮ್ಮ ಕಾರು ಯಾರ ಗೇಟಿಗೆ ಅಡ್ಡ ನಿಂತಿದೆ? ಇನ್ನೊಂದು ಅಂತಸ್ತು ಎಬ್ಬಿಸುವಾಗ ಕಚೇರಿಯಲ್ಲಿ ನಕ್ಷೆ ಪಾಸು ಮಾಡಿಸಿದಿರಿ, ಸರಿ. ಪಕ್ಕದ ಮನೆಯ ತುಳಸಿಗೆ ಬಿಸಿಲು ನಿಂತುಹೋಗುತ್ತದೆಯೇ ಅಂತ ಒಂದು ಮಾತು ಕೇಳಿದಿರಾ? ಸಾಹುಕಾರನಿಗೆ ನಿಯಮ ಬಂದು ಪಕ್ಕದ ಮನೆಯ ಬಾಗಿಲು ತೋರಿಸಿತು. ನಿಮಗೂ ನಿಯಮವೇ ಬರಬೇಕಾ?

ನಾಳೆ ಬೆಳಗ್ಗೆ ಪಕ್ಕದ ಮನೆಗೆ ಹೋಗಿ. ನನ್ನಿಂದ ನಿಮಗೇನು ತೊಂದರೆ ಅಂತ ಕೇಳಿ. ಏನಿಲ್ಲ ಅಂತಾರೆ. ಎದ್ದು ಬರಬೇಡಿ, ಇನ್ನೂ ಸ್ವಲ್ಪ ಹೊತ್ತು ಕೂತಿರಿ. ಆಮೇಲೆ ಹೇಳ್ತಾರೆ. ಹೇಳಿದ್ದನ್ನು ಅವತ್ತೇ ಸರಿ ಮಾಡಿ.

ಮತ್ತೆ, ಸಿಹಿಯ ಪೊಟ್ಟಣ ಮನೆಯಲ್ಲೇ ಬಿಟ್ಟು ಹೋಗಿ. ಅವರಿಗೂ ಸಕ್ಕರೆ ಕಾಯಿಲೆ ಇದ್ದೀತು. ಪಕ್ಕದಲ್ಲೇ ಇದ್ದರೂ ನಿಮಗೆ ಗೊತ್ತಿರಲಿಕ್ಕಿಲ್ಲ.