ಬೂಟಿಗೆ ಹೋಗದ ಕಾಲು

ಕೆನಡಾದ ನೋವಾ ಸ್ಕೋಶಿಯಾದ ಒಂದು ಬಂದರೂರಿನ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಗೆ ಕಾಯುತ್ತಿದ್ದ ಲಿಯೋನಿಯ ಕಿವಿ ಪೂರ್ತಿ ಹಿಂದಿನ ಬೆಂಚಿನ ಮೇಲಿತ್ತು. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡ ಮೀನುಗಾರ ಆನ್ಸೆಲ್ಮ್ ಅಲ್ಲಿ ಕೂತಿದ್ದ. ಒಂದು ಕಾಲಿಗೆ ಬೂಟು, ಹೆಬ್ಬೆರಳು ಊದಿದ ಇನ್ನೊಂದಕ್ಕೆ ಬರೀ ಕಾಲುಚೀಲ; ಅದರ ಬೂಟು ಬೆಂಚಿನ ಮೇಲೆ. ಪಕ್ಕದಲ್ಲಿ ಹೆಂಡತಿ ಓಡೀಲ್.

“ಹೆಬ್ಬೆರಳಿನ ಗೌಟಿಗೆ ಆ ಹಳೇ ನೋವಿನ ಮಾತ್ರೆ ನುಂಗಿದ್ಯಾ?”

“ನುಂಗ್ದೆ. ಆಪರೇಷನ್‌ಗೆ ಮುಂಚೆ ಅದ್ರಲ್ಲೇ ಇಳೀತಿತ್ತು.”

“ಆಗ ರಕ್ತ ತೆಳು ಮಾಡೋ ಮಾತ್ರೆ ಇರ್ಲಿಲ್ಲ. ಎರಡೂ ಸೇರಿದ್ರೆ ಹೊಟ್ಟೇಲಿ ರಕ್ತ ಸೋರುತ್ತೆ ಅಂತ ಡಾಕ್ಟರು ಬಡ್ಕೊಂಡ್ರಲ್ಲ!”

“ಸೋಮವಾರ ಸೀಸನ್ ಶುರು ಕಣೇ. ಊರಿನ ದೋಣಿಗಳೆಲ್ಲಾ ಲಾಬ್‌ಸ್ಟರ್ ಹಿಡಿಯೋ ಪಂಜರ ಹೇರ್ಕೊಂಡು ಒಟ್ಟಿಗೆ ಹೊರಡೋವಾಗ ನಾನು ಹೆಂಗಸರ ಜೊತೆ ದಡದಲ್ಲಿ ನಿಂತು ಕೈ ಬೀಸ್ಲಾ?”

“ಬೀಸು. ಮದುವೆಯಾದಾಗಿಂದ ನಾನು ಬೀಸ್ತಾ ಇಲ್ವಾ? ನನ್ನ ಕೈಯೇನೂ ಉದುರಿಹೋಗಿಲ್ಲ.”

“ಬಾಸಿಲ್ ತನ್ನ ದೋಣೀಲಿ ನನ್ನ ಜಾಗಕ್ಕೆ ಬೇರೆಯವನ್ನ ಹಾಕ್ಕೋತಾನೆ.”

“ಹಾಕ್ಕೊಳ್ಳಲಿ. ಇವತ್ತು ಪಾಯಖಾನೇಲಿ ಕಪ್ಪಗೆ ಹೋಗಿತ್ತಲ್ಲ, ನಾನು ನೋಡಿಲ್ಲ ಅಂದ್ಕೊಂಡ್ಯಾ?”

“ಮೆಲ್ಲಗೆ ಮಾತಾಡೇ!”

ನರ್ಸ್ ಬಾಗಿಲಿಗೆ ಬಂದಳು. “ಆನ್ಸೆಲ್ಮ್, ಬನ್ನಿ. ಬೇರೆ ಮಾತ್ರೆ ಏನಾದ್ರೂ ತಗೊಂಡ್ರಾ?”

“ಇಲ್ಲ.”

ಓಡೀಲ್ ಕೈಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ನರ್ಸಿನ ಅಂಗೈಯಲ್ಲಿಟ್ಟಳು. “ತಗೊಂಡಿದಾನೆ. ರಕ್ತಾನೂ ಹೋಗ್ತಿದೆ.”

ಅವನ ಮುಖ ಕೆಂಡವಾಯಿತು. “ದೋಣಿ ತಪ್ಪಿಸ್ಬಿಟ್ಟೆ. ಜೀವನ ಪೂರ್ತಿ ನಿನ್ನ ಬೈತೀನಿ.”

“ಬೈಯಿ. ಬದುಕಿದ್ದು ಬೈಯಿ.”

ಅವನು ಗೋಡೆ ಹಿಡಿದು ಕುಂಟುತ್ತ ಒಳಹೋದ. ಬೆಂಚಿನ ಮೇಲೆ ಉಳಿದಿದ್ದ ಒಂಟಿ ಬೂಟನ್ನು ಎತ್ತಿಕೊಂಡು ಓಡೀಲ್ ಕೂಡ ಹಿಂದೆ ಹೋದಳು.