ಕಣ್ಣಿನ ತೂಬು

ಅಂಗ್ ನೋಡ್‌ಬ್ಯಾಡ ಕಣವ್ವಾ ಪೂಜಾ. ಸೊಪ್ಪು ಬೇಯ್ಸೋ ಬ್ಯಾರನ್ ಹೊಗೆಗೆ ಕೂಸಿನ ಕಣ್ಣಲ್ಲಿ ನೀರು ಬತ್ತದೆ ಅಂತ ನಾನೊಬ್ಳೇ ಅಂದಿದ್ನಾ? ಈ ಪಿರಿಯಾಪಟ್ಣದ ಸುತ್ತ ಹೊಗೆಸೊಪ್ಪು ಬೇಯ್ಸೋ ಮನೇಲಿ ಯಾರ್ ಕಣ್ಣಲ್ಲಿ ನೀರು ಬರಾಕಿಲ್ಲ, ಯೋಳು. ನಿನ್ ಗಂಡ ನಂಜುಂಡೇಶನೂ ಅಂಗೇ ಅಂದ. ಅತ್ತೆ ಅನ್ನೋಳು ಒಬ್ಳು ಸಿಕ್ಕಿದ್ಲು ಅಂತ ಎಲ್ಲಾನೂ ನನ್ ತಲೆಗೇ ಕಟ್‌ಬ್ಯಾಡ. ಆ ಸೊಪ್ಪು ಇತ್ಲಾಗ್ ಕೊಡು. ದಾರದಲ್ಲಿ ಕಡ್ಡಿಗೆ ಕಟ್ಟಿ ಸಂಜೆಗೆ ಬ್ಯಾರನ್ನಿಗೆ ಏರಿಸ್ಬೇಕು, ಸುಮ್ಕೆ ಕುಂತ್ರೆ ಎಲ್ಲಾ ಬಾಡೋಯ್ತದೆ.

ಅಳು ಬಂದ್ರೆ ಅತ್ತುಬುಡು. ನಿನ್ನೆ ಮೈಸೂರ್ ಆಸ್ಪತ್ರೆಯಿಂದ ಬಂದಾಗಿಂದ ಒಂದ್ ಮಾತಾಡಿಲ್ಲ ನೀನು. ಬಲಗಣ್ಣು ಓಯ್ತು, ಎಡಗಣ್ಣಿಗೆ ಮಂಗಳವಾರ ಆಪ್ರೇಸನ್ನು. ಹುಟ್ಟಿದ್ ತಿಂಗ್ಳಲ್ಲೇ ತಂದಿದ್ರೆ ಎರಡೂ ಉಳೀತಿತ್ತು ಅಂತ ಡಾಕ್ಟ್ರು ಅಂದ್ರಂತೆ. ನಂಜುಂಡೇಶ ಎಲ್ಲಾನೂ ಯೋಳ್ದ. ನಂಗೇನ್ ಸಂಕ್ಟ ಆಗಾಕಿಲ್ವಾ? ಎಂಟ್ ತಿಂಗ್ಳ ಕೂಸು, ನನ್ ಮೊಮ್ಮಗ ಅಲ್ವಾ ಅವನು?

ಎಷ್ಟ್ ಚಂದದ ಕಣ್ಣು ಅಂತಿದ್ರು ಜನ. ನೋಡಾಕ್ ಬಂದೋರೆಲ್ಲ ನೆಟಿಗೆ ಮುರುದು ದೃಷ್ಟಿ ತೆಗುದ್ರು. ನೀನೂ ಕಾಡಿಗೆ ಹಚ್ಚಿ ಫೋಟೋ ತೆಗ್ದು ಬೇಗೂರಿಗೆ, ನಿಮ್ಮವ್ವಂಗೆ ಕಳ್ಸಿದ್ದೆ. ಬಿಸ್ಲಿಗ್ ತಂದ್ರೆ ಕೂಸು ಕಣ್ಮುಚ್ಕೊಂಡು ಎದೆಗೆ ಮುಖ ಒತ್ತೋದು... ನಾಚ್ಕೆ ಅಂತ ನಗ್ತಿದ್ವಲ್ಲ, ನಾವೆಲ್ಲಾ. ಕಣ್ಣು ದೊಡ್ಡದಾಗ್ತಾ ಇರೋದೇ ಕಾಯ್ಲೆ ಅಂತ ಯಾರಿಗ್ ಗೊತ್ತಾಯ್ತದೆ?

ಕೆಟ್ಟಿರೋದು ಕಣ್ಣಿನ ತೂಬಂತೆ, ಡಾಕ್ಟ್ರು ಅಂದಿದ್ದು. ಕಣ್ಣೊಳಗೆ ನೀರು ಹುಟ್ತಾನೇ ಇರ್ತದಂತೆ, ಅದು ಆಚೆ ಓಗಾಕೆ ಕರೀಗುಡ್ಡೆ ಅಂಚಲ್ಲಿ ಒಂದ್ ಸಣ್ಣ ತೂಬು. ಮೈಯಲ್ಲಿ ರಕ್ತದ ನರ ಅಲ್ದೆ ಬಿಳೀ ರಸ ಹರಿಯೋ ನರ ಬ್ಯಾರೆ ಅದಾವಂತೆ, ಈ ತೂಬೂ ಆ ಜಾತೀದಂತೆ. ಬಸುರಲ್ಲೇ ಅದು ಬೆಳೀಬೇಕಂತೆ. ಬೆಳಿ ಅಂತ ಯೋಳೋ ಅಪ್ಪಣೆ ವಂಶದಲ್ಲೇ ಬರೋದಂತೆ. ಅಪ್ಪಣೆ ಕೆಟ್ಟಿದ್ರೆ ತೂಬು ಕಟ್ಕೊಂಡು, ನೀರು ನಿಂತು, ಕಣ್ಣು ಉಬ್ತದಂತೆ. ಕೆಲವ್ರು ಆ ಕೆಟ್ಟಿದ್ದನ್ನ ಮೈಯಲ್ಲಿ ಹೊತ್ಕೊಂಡೇ ಓಡಾಡ್ತಾರೆ, ಅವ್ರಿಗೆ ಏನೂ ಆಗಾಕಿಲ್ಲ. ಮಕ್ಳಿಗ್ ಮಾತ್ರ ಕೊಡ್ತಾರೆ. ಅದ್ಕೇ ರಕ್ತ ಸಂಬಂಧದೋರಿಗೆಲ್ಲ ಸುದ್ದಿ ಮುಟ್ಟಿಸಿ, ಬಸುರೀರಿದ್ರೆ ಮೊದ್ಲು ಯೋಳಿ ಅಂದ್ರಂತೆ.

ನನ್ ಮಗಳು ಸಿಂಧುಗೆ ಯಾಕ್ ಯೋಳ್ಬೇಕು ಅಂತೀನಿ? ಮದ್ವೆಯಾಗಿ ಏಳ್ ತಿಂಗ್ಳು, ಐದ್ ತಿಂಗ್ಳ ಬಸುರಿ. ಹೊಸ ಅಗ್ರಹಾರದ ಆ ಗಂಡನ ಮನೇಲಿ ಈ ಸುದ್ದಿ ಗೊತ್ತಾದ್ರೆ ಅವ್ಳ ಗತಿ ಏನು? ಇದು ನಮ್ ಕಡೆಯಿಂದ್ಲೇ ಬಂದದ್ದು ಅಂತ ಯಾವ್ ಗ್ಯಾರಂಟಿ? ಗ್ರಹಣದ ದಿನ ನೀನು ಮಾತು ಕೇಳ್ದೆ ಹಿತ್ಲಿಗ್ ಓಗಿದ್ದೆ. ನಿಮ್ ಬೇಗೂರ್ ಕಡೇಲಿ ಯಾರಿಗಿತ್ತೋ, ನಿಮ್ಮಜ್ಜಿ ಕಡೆ ಯಾರೋ ಕುರುಡ್ರಿದ್ರು ಅಂತ... ಇಲ್ವಾ? ಇರ್ಲಿ ಬುಡು. ನಮ್ ಮನೇಲಂತೂ ಮಾದಪ್ಪನಾಣೆ ಯಾರಿಗೂ ಇಲ್ಲ.

ಯಾಕೆ ಅಂಗ್ ನೆಟ್ಟಗೆ ನೋಡ್ತೀಯ? ಗುರುಮಲ್ಲಪ್ಪ ಏನಾರ ಅಂದ್ನಾ? ಪಕ್ಕದ್ ಮನೇಲಿದ್ಕಂಡು ನಲ್ವತ್ ವರ್ಷದ್ ಸುದ್ದೀನೆಲ್ಲ ಕೆದಕ್ತಾನೆ ಅವನು. ಗಿರಿಜೆ ವಿಷ್ಯ ಎತ್ತಿದ್ನಾ?

...ಏನೂ ಅಂದಿಲ್ವಾ.

ಬಾಯಿಗ್ ಬಂದ್ ಮೇಲೆ ಏನ್ ಮುಚ್ಚಿಡೋದು. ನಂಜುಂಡೇಶಂಗೂ ಮುಂಚೆ ನಂಗೊಂದು ಹೆಣ್ಣುಕೂಸು, ಗಿರಿಜೆ ಅಂತ. ನಿನ್ ಗಂಡಂಗೂ ಗೊತ್ತಿಲ್ಲ. ಅವ್ಳದೂ ಇಷ್ಟಗಲ ಕಣ್ಣು. ಊರ್ ಹೆಂಗಸ್ರು ಎತ್ಕೊಂಡ್ ಓಗಿ ಎತ್ಕೊಂಡ್ ಓಗಿ ಆಡ್ಸೋರು. ವರ್ಷ ತುಂಬೋದ್ರಲ್ಲಿ ಆ ಕಣ್ಣು ಅಕ್ಕಿ ತೊಳ್ದ ನೀರಿನಂಗಾಯ್ತು. ತಡಕಾಡ್ಕೊಂಡು ಬಂದು ನನ್ ಸೆರಗು ಹಿಡ್ಕೋಳೋಳು. ಸೆರಗಿನ ವಾಸ್ನೇಲೇ ಅವ್ವ ಅಂತ ಗುರ್ತು ಅವ್ಳಿಗೆ. ನಾಲ್ಕನೇ ವರ್ಷ ವಾಂತಿಭೇದಿ ಬಂದು ಒಂಟೋದ್ಲು. ನಿಮ್ ಮಾವ ಈ ಸುದ್ದಿ ಇನ್ ಮೇಲೆ ಎತ್‌ಬ್ಯಾಡ ಅಂದ್ರು. ಎತ್ಲಿಲ್ಲ.

ಅದೂ ಇದೂ ಒಂದೇ ಅಂತ ನಂಗೇನ್ ಗೊತ್ತು? ಓದಿದೋಳಾ ನಾನು? ದೇವ್ರು ಕಿತ್ಕೊಂಡ ಅಂದ್ಕೊಂಡಿದ್ದೆ. ನಂಬ್ತೀಯಲ್ವಾ? ಊಂ ಅನ್ನು ಒಂದ್ಸಲ.

ಆಯ್ತು, ನಂಬ್‌ಬ್ಯಾಡ. ಆದ್ರೆ ಸಿಂಧುಗೆ ಮಾತ್ರ ಯೋಳ್‌ಬ್ಯಾಡ, ಕೈ ಮುಗಿತೀನಿ. ಬಾಣಂತನಕ್ಕೆ ಇಲ್ಲಿಗೇ ಬತ್ತಾಳಲ್ಲ, ಕೂಸು ನನ್ ಮಡ್ಲಿಗೇ ಬತ್ತದೆ. ನಾನೇ ನೋಡ್ತೀನಿ. ನಂಗ್ ಯಾವ್ ಮಿಷಿನ್ನೂ ಬ್ಯಾಡ. ಕರೀಗುಡ್ಡೆ ಮ್ಯಾಲೆ ತೆಳ್ಳಗೆ ಒಂದ್ ಮಬ್ಬು ಇರ್ತದೆ, ಬೆಳಕಿಗೆ ಹಿಡುದ್ರೆ ನೀಲಿ ಕಾಣ್ತದೆ. ಒಂದ್ಸಲ ಕಂಡೋಳಿಗೆ ಅದು ಮರೆಯಾಕಿಲ್ಲ ಕಣೆ. ನಿನ್ ಕೂಸ್ನ ತೊಟ್ಲಿಗ್ ಹಾಕ್ದಾಗ್ಲೇ ನಂಗೆ ಗುರ್ತು ಸಿಗ್ಲಿಲ್ವಾ, ಅಂಗೇ...

ಯಾಕ್ ದಾರ ಕೆಳಗ್ ಬುಟ್ಟೆ?

ಅಂಗಲ್ಲ. ನಾನಂದಿದ್ದು ಅಂಗಲ್ಲ. ಅನುಮಾನ ಅಷ್ಟೇ... ಪೂಜಾ. ಬಯ್ಯಿ, ಏನಾರ ಅನ್ನು.

ಊಂ ಕಣೆ. ಗೊತ್ತಾಗಿತ್ತು. ಸಿಂಧು ಮದ್ವೆಗೆ ಹದ್ನೈದ್ ದಿನ ಇತ್ತು, ಲಗ್ನಪತ್ರಿಕೆ ಹಂಚಿ ಆಗಿತ್ತು. ವಂಶದಲ್ಲಿ ಕುರುಡು ಅಂತ ತಿಳುದ್ರೆ ಯಾರ್ ತಾಳಿ ಕಟ್ತಾರೆ? ಧಾರೆ ಮುಗೀಲಿ ಅಂದ್ಕೊಂಡೆ. ಮುಗೀತು. ಆಮೇಲೆ ಯೋಳಾಕ್ ಓದ್ರೆ, ಇಷ್ಟ್ ದಿನ ಯಾಕ್ ಸುಮ್ಕಿದ್ದೆ ಅಂತ ನೀನು ಕೇಳ್ತಿದ್ದೆ. ಅದ್ಕೆ ಮೊದ್ಲು ಶೀತ ಅಂದೆ, ಆಮೇಲೆ ಹೊಗೆ ಅಂದೆ. ನೀನು ನಂಬಿದೆ. ನೀನು ನಂಬಿದಂಗೆಲ್ಲ ನಂಗೂ ಹೊಗೇನೇ ಇರ್ಬೌದು ಅನ್ಸೋದು.

ಕೂಸ್ನ ಎತ್ಕೊಂಡು ಯಾಕ್ ಎದ್ದೆ? ಯಾರಿಗ್ ಫೋನು, ಸಿಂಧುಗಾ?

ಮಾಡು ಕಣವ್ವಾ. ತಡೆಯಾಕಿಲ್ಲ. ಕೂಸ್ನ ನನ್ ತಾವ ಕೊಟ್ಟು ಮಾಡು, ಅಷ್ಟೊತ್ತು ಎತ್ಕೊಂಡಿರ್ತೀನಿ. ಕೈ ಒರುಸ್ಕೊಂಡಿದ್ದೀನಿ ನೋಡು, ಸೊಪ್ಪಿನ ಜಿಗುಟೆಲ್ಲ ಓಯ್ತು. ಕೊಡು ಇತ್ತ.

ಕೊಡಾಕಿಲ್ವಾ, ಪೂಜಾ?