ಇನ್ನೂ ಎರಡು ದಿನದ ಬಿಸಿಲು

ಬಾದಾಮಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳ ಮುಂದೆ ಗೋವಿನಜೋಳದ ಅರಳಿನ ಬುಟ್ಟಿ ಇತ್ತು.

“ಇಂದ್ರವ್ವಾ, ನಿನ್ನ ಹೊರಗ ಹಾಕಿ ಮೈದುನ ತಾನ ಅರಳಿನ ಅಂಗಡಿ ನಡಸಾಕತ್ತಾನಂತ?”

“ನಡಸಾಕತ್ತಾನ. ಆದ್ರ ಕಾಳು ಅರಳವಲ್ವು, ಶಾರವ್ವಾ.”

“ಯಾಕ?”

“ಬಿಳಿಜೋಳದಂಗ ಮಾಳಿಗಿ ಮ್ಯಾಲ ಹಾಕಿ ಖಡಕ್ ಒಣಗಿಸ್ಯಾನ. ನಾ ತೆನಿ ನೆರಳಾಗ ತೂಗಹಾಕ್ತಿದ್ದೆ. ಒಳಗ ಸ್ವಲ್ಪ ಹಸಿ ಇದ್ರನ ಕಾಳು ಬಿಸಿ ಉಸುಕಿನ್ಯಾಗ ಅರಳತೈತಿ.”

“ಅವಂಗ ಹೇಳಲಿಲ್ಲೇನ?”

“ಮೊನ್ನಿ ಬಂದು ಕೈ ಮುಗದ. ಇವತ್ತಿನ ಅಮಾಸಿಗೆ ಮಹಾಕೂಟದ ಗುಡಿ ಮುಂದ ಮಾರಬೇಕು, ಏನರ ಹೇಳು ಅಂದ.”

“ಏನಂದಿ?”

ಬಸ್ಸು ಬಂತು. ಇಂದ್ರವ್ವ ಬುಟ್ಟಿ ಎತ್ತಿಕೊಂಡಳು.

“‘ಕಾಳು ಇನ್ನೂ ಹಸಿ ಅದಾವೋ ಪಾಂಡಪ್ಪಾ, ಮತ್ತೆರಡು ದಿನ ಬಿಸಲಿಗೆ ಹಾಕು’ ಅಂದೆ. ನಡಿ, ಮಹಾಕೂಟದಾಗ ಅವನ ಎದುರಿಗೇ ಕುಂಡ್ರಬೇಕು.”